ಚಳಿಯಲ್ಲಿ ಟೊಮೆಟೊ ಸಸಿ: ಮೊಳಕೆ ಮನೆಯೊಳಗೆ, ಮಿಕ್ಕಿದ್ದೆಲ್ಲ ಬೆಳಕಿನಲ್ಲಿ

"ಬೀಜ ಹಾಕಿ ಎಂಟು ದಿನ ಆಯ್ತು, ಟ್ರೇನಲ್ಲಿ ಏನೂ ಕಾಣ್ತಿಲ್ಲ. ಬೀಜ ಡೂಪ್ಲಿಕೇಟಾ?" ಧನುರ್ಮಾಸ ಶುರುವಾದರೆ ಈ ಪ್ರಶ್ನೆಯೂ ಶುರು. ಬೀಜದ ಮೇಲೆ ಅನುಮಾನ ಪಡೋಕೆ ಮುಂಚೆ ಟ್ರೇ ಎಲ್ಲಿ ಇಟ್ಟಿದ್ದೀರಿ ನೋಡಿ. ಹೊರಗೆ, ನೆರಳುಪರದೆ ಕೆಳಗೆ, ಒದ್ದೆ ಕೋಕೋಪೀಟ್ ಒಳಗೆ ಬೀಜ ಕೂತಿದ್ದರೆ ಅದಕ್ಕೆ ಚಳಿ. ಅಷ್ಟೇ.

ಟೊಮೆಟೊ ಬೀಜಕ್ಕೆ ಮಣ್ಣಿನ ಬಿಸಿ 25ರಿಂದ 30 ಡಿಗ್ರಿ ಇದ್ದರೆ ಸುಮಾರು 6 ದಿನಕ್ಕೆ ಸಸಿ ಮೇಲೆ ಬರುತ್ತೆ. 20 ಡಿಗ್ರಿಗೆ ಇಳಿದರೆ 8 ದಿನ. 15ಕ್ಕೆ ಇಳಿದರೆ ಎರಡು ವಾರ. 10 ಡಿಗ್ರಿಯಲ್ಲೇ ಉಳಿದರೆ ಒಂದೂವರೆ ತಿಂಗಳ ಹತ್ತಿರ. ನಮ್ಮಲ್ಲಿ ಹಗಲು ಬಿಸಿಲಿರೋದರಿಂದ ಅಷ್ಟು ಕೆಡೋದಿಲ್ಲ, ಆದರೆ ತಡವಾದ ಒಂದೊಂದು ದಿನವೂ ಬೀಜ ಒದ್ದೆಯಲ್ಲೇ ಕೊಳೆಯೋಕೆ ಅವಕಾಶ. ಇನ್ನೊಂದು ವಿಷಯ, ಒದ್ದೆ ಕೋಕೋಪೀಟ್‌ನಿಂದ ನೀರು ಆರುತ್ತಾ ಇರುತ್ತೆ, ಹಾಗಾಗಿ ಅದು ಗಾಳಿಗಿಂತ ತಣ್ಣಗೇ ಇರುತ್ತೆ. ಮೊಬೈಲ್ ತೋರಿಸೋ ಕೊಳ್ಳೇಗಾಲದ ಟೆಂಪರೇಚರ್ ನಿಮ್ಮ ಟ್ರೇಯ ಟೆಂಪರೇಚರ್ ಅಲ್ಲ.

ಎಲ್ಲರಿಗೂ ಒಂದೇ ಲೆಕ್ಕವೂ ಅಲ್ಲ. ಮಹದೇಶ್ವರ ಬೆಟ್ಟದಿಂದ ಘಾಟಿ ಇಳಿದು ಪಾಲಾರ್‌ಗೆ ಹೋದವರಿಗೆ ಗೊತ್ತು, ಮೇಲೆ ಸ್ವೆಟರ್, ಕೆಳಗೆ ಬನಿಯನ್. ಸಾವಿರ ಮೀಟರ್ ಎತ್ತರಕ್ಕೆ ಹೆಚ್ಚುಕಮ್ಮಿ 6 ಡಿಗ್ರಿ ಇಳಿಯುತ್ತೆ. ಕಾವೇರಿ ಕಡೆಯ ಆ ತಗ್ಗಿನಲ್ಲಿ ಜನವರಿಯಲ್ಲೂ ಟ್ರೇ ಮೇಲೆ ರಾತ್ರಿ ಒಂದು ಪ್ಲಾಸ್ಟಿಕ್ ಹೊದಿಸಿದರೆ ನಡೆಯುತ್ತೆ. ಒಡೆಯರಪಾಳ್ಯ, ಬಿಳಿಗಿರಿರಂಗನ ಬೆಟ್ಟದ ಕಡೆಯವರು ಮೊಳಕೆ ಬರೋವರೆಗೆ ಟ್ರೇಯನ್ನ ಮನೆಯೊಳಗೆ ತರೋದೇ ವಾಸಿ.

ಮನೆಯೊಳಗೆ ಬೀಜ ಹಾಕೋ ವಿಡಿಯೋಗಳನ್ನ ನೀವೂ ನೋಡಿರ್ತೀರಿ. ಅಮೆರಿಕ, ಕೆನಡಾ ಕಡೆ ಹಿಮ ಬೀಳೋ ಊರಲ್ಲಿ ಕೊನೆಯ ಹಿಮಕ್ಕೆ 6ರಿಂದ 8 ವಾರ ಮೊದಲೇ ಅಡುಗೆಮನೆ ಕಿಟಕಿ ಹತ್ತಿರ ಬೀಜ ಹಾಕಿ, ಕೆಳಗೆ ಕರೆಂಟಿನ ಹೀಟ್ ಮ್ಯಾಟ್, ಮೇಲೆ ಟ್ಯೂಬ್‌ಲೈಟ್ ಇಟ್ಟು ಸಸಿ ಬೆಳೆಸ್ತಾರೆ. ಅವರಿಗೆ ಬೇರೆ ದಾರಿ ಇಲ್ಲ. ನಮಗೆ ಆ ಖರ್ಚು ಬೇಡ. ಅವರ ವಿಧಾನದಲ್ಲಿ ನಮಗೆ ಬೇಕಾದ್ದು ಮೊದಲ ನಾಲ್ಕೈದು ದಿನ ಮಾತ್ರ.

ಎಕರೆ ಲೆಕ್ಕ ಹೀಗೆ. 3 ಅಡಿ ಸಾಲು, 2 ಅಡಿ ಗಿಡ ಅಂತ ಇಟ್ಟರೆ 7,260 ಸಸಿ. 98 ಗುಳಿಯ ಪ್ರೋಟ್ರೇ 75 ಬೇಕು, ಸಾಯೋದಕ್ಕೆ ನೂರಕ್ಕೆ ಹತ್ತು ಸೇರಿಸಿ 82 ಅಂತ ಇಟ್ಟುಕೊಳ್ಳಿ. ಹತ್ತತ್ತು ಟ್ರೇ ಒಂದರ ಮೇಲೊಂದು ಪೇರಿಸಿದರೆ ಒಂದು ಮಂಚ ಹಾಕೋವಷ್ಟು ಜಾಗ ಸಾಕು. ಕೋಕೋಪೀಟ್ ಹಿಂಡಿದರೆ ಒಂದೆರಡು ಹನಿ ಬರೋಷ್ಟು ಮಾತ್ರ ಒದ್ದೆ ಇರಲಿ. ಗುಳಿಗೆ ಒಂದೇ ಬೀಜ, ಅರ್ಧ ಸೆಂ.ಮೀ. ಆಳ, ಮೇಲೆ ತೆಳುವಾಗಿ ಕೋಕೋಪೀಟ್. ಪೇರಿಸಿದ ಮೇಲೆ ಪಾಲಿಥೀನ್ ಶೀಟ್ ಸುತ್ತಿ. ಒಳಗಿನ ಬಿಸಿ, ತೇವ ಎರಡೂ ಅಲ್ಲೇ ಉಳಿಯುತ್ತೆ, ಮೊಳಕೆ ಬರೋವರೆಗೆ ನೀರು ಬೇಡ. ಇಲಿ, ಇರುವೆ ಮಾತ್ರ ನೋಡ್ಕೊಳ್ಳಿ, ಎರಡಕ್ಕೂ ಟೊಮೆಟೊ ಬೀಜ ಇಷ್ಟ.

ರೂಮಿಗೆ ಕಾವು ಬೇಕಾದರೆ ಹಳೇ ಕಾಲದ 60 ವ್ಯಾಟ್ ಬಲ್ಬ್ ಶೀಟಿಗೆ ತಾಗದ ಹಾಗೆ ಹಾಕಬಹುದು. ಎಲ್ಇಡಿ ಬಲ್ಬಿನಿಂದ ಕಾವು ಬರೋದಿಲ್ಲ. ಕೆಂಡದ ಕುಂಡೆ ಇಟ್ಟು ಬಾಗಿಲು ಹಾಕಿಕೊಂಡು ಅದೇ ರೂಮಲ್ಲಿ ಮಲಗೋದು ಮಾತ್ರ ಬೇಡವೇ ಬೇಡ. ಆ ಹೊಗೆಗೆ ವಾಸನೆ ಇಲ್ಲದಿದ್ದರೂ ಜೀವ ತೆಗೆಯುತ್ತೆ.

ಕೊಳ್ಳೇಗಾಲ, ಯಳಂದೂರು ಕಡೆಯ ರೇಷ್ಮೆ ಬೆಳೆಗಾರರಿಗೆ ಒಂದು ಮಾತು. ಹುಳು ಮನೆ ಹೇಗಿದ್ರೂ ಬೆಚ್ಚಗಿದೆ, ಅಲ್ಲೇ ಟ್ರೇ ಇಡೋಣ ಅನ್ನಿಸಬಹುದು. ಇಡಬೇಡಿ. ಹೈಬ್ರಿಡ್ ಬೀಜಕ್ಕೆ ಔಷಧಿ ಲೇಪನ ಮಾಡಿರ್ತಾರೆ, ಅದಕ್ಕೇ ಬೀಜಕ್ಕೆ ಬಣ್ಣ. ಅದರಲ್ಲಿ ಕೀಟನಾಶಕ ಇದ್ದರೆ ಹುಳುವಿಗೂ ಅದು ವಿಷವೇ. ಸಸಿಗೆ ಬಿಳಿನೊಣದ ಔಷಧಿ ಹೊಡೆಯುವಾಗಲೂ ಹಿಪ್ಪುನೇರಳೆ ತೋಟದ ಕಡೆ ಗಾಳಿ ಬೀಸ್ತಿದ್ದರೆ ನಿಲ್ಲಿಸಿ. ಹುಳು ಮನೆಯಿಂದ ತರಬೇಕಾದ್ದು ಥರ್ಮಾಮೀಟರ್ ಒಂದೇ.

ಈಗ ಮುಖ್ಯ ವಿಷಯ. ಮೂರನೇ ದಿನದಿಂದ ಬೆಳಿಗ್ಗೆ, ಸಂಜೆ ಶೀಟ್ ಎತ್ತಿ ನೋಡಿ, ಮೊಬೈಲಲ್ಲಿ ಅಲಾರಂ ಇಟ್ಕೊಳ್ಳಿ. ಅಲ್ಲೊಂದು ಇಲ್ಲೊಂದು ಗುಳಿಯಲ್ಲಿ ಬಾಗಿದ ಕತ್ತು ಕಂಡ ಕೂಡಲೇ ಎಲ್ಲಾ ಟ್ರೇ ಹೊರಗೆ, ಬೆಳಕಿಗೆ. ಎಲ್ಲಾ ಗುಳಿಯೂ ಬರಲಿ ಅಂತ ಇನ್ನೊಂದು ದಿನ ಕತ್ತಲಲ್ಲಿ ಬಿಟ್ಟರೆ ಮೊದಲು ಬಂದ ಸಸಿ ಬೆಳಕು ಹುಡುಕಿಕೊಂಡು ದಾರದ ಹಾಗೆ ಉದ್ದವಾಗುತ್ತೆ. ಬಿಳಿಚಿಕೊಂಡ ಆ ಕಾಂಡ ಆಮೇಲೆ ಗಿಡ್ಡ ಆಗೋದಿಲ್ಲ. ಚಳಿಗಿಂತ ಈ ಒಂದು ದಿನದ ಉದಾಸೀನಕ್ಕೇ ಹೆಚ್ಚು ಸಸಿ ಹಾಳು. ಪೊಟ್ಟಣದ ಬೆಲೆಯನ್ನ ಒಳಗಿರೋ ಬೀಜದಿಂದ ಭಾಗಿಸಿ ನೋಡಿ (ಗ್ರಾಂಗೆ ಸುಮಾರು 300 ಬೀಜ), ಒಂದು ಟ್ರೇ ಹೋದರೆ ಎಷ್ಟು ಹೋಯ್ತು ಅಂತ ಗೊತ್ತಾಗುತ್ತೆ.

ಹೊರಗೆ 50 ಪರ್ಸೆಂಟ್ ನೆರಳುಪರದೆ, ಸುತ್ತ 40ರಿಂದ 50 ಮೆಶ್ ಕೀಟ ಪರದೆ. ಚಳಿ ಕಳೆದು ಬಿಸಿಲು ಏರ್ತಾ ಬಿಳಿನೊಣ ಹೆಚ್ಚುತ್ತೆ, ಎಲೆ ಮುದುಡು ರೋಗ ಹರಡೋದು ಅದರಿಂದಲೇ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗದ ಜೊತೆ ದುಂಡಾಣು ಸೊರಗು, ಎಲೆ ಅಂಗಮಾರಿಯನ್ನೂ ತಡೆಯುತ್ತೆ. ಆದರೂ ಪರದೆ ಬಿಡಬೇಡಿ.

ನೀರು ಬೆಳಿಗ್ಗೆ ಬಿಸಿಲು ಏರಿದ ಮೇಲೆ ಕೊಡಿ. ಸಂಜೆ ಕೊಟ್ಟರೆ ರಾತ್ರಿಯೆಲ್ಲ ಬುಡ ಒದ್ದೆ, ಮಾರನೇ ದಿನ ಸಸಿ ಬುಡದಲ್ಲಿ ಕಪ್ಪಾಗಿ ಅಡ್ಡ ಬಿದ್ದಿರುತ್ತೆ. ಇದೇ ಸಸಿ ಕೊಳೆ ರೋಗ. ಕಂಡರೆ ಒಂದು ದಿನ ನೀರು ನಿಲ್ಲಿಸಿ, ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಬೆರೆಸಿ ಬುಡಕ್ಕೆ ಹನಿಸಿ. ರಾತ್ರಿಯಿಡೀ ಮಾಳಿಗೆ ಟ್ಯಾಂಕ್‌ನಲ್ಲಿ ನಿಂತ ನೀರು ತಣ್ಣಗಿರುತ್ತೆ, ಆಗ ತಾನೇ ಬೋರ್‌ನಿಂದ ಬಂದ ನೀರು ಬೆಚ್ಚಗಿರುತ್ತೆ, ಅದೇ ಒಳ್ಳೇದು. 12ನೇ ದಿನದ ಹೊತ್ತಿಗೆ 19:19:19 ಗೊಬ್ಬರ ಲೀಟರಿಗೆ 3 ಗ್ರಾಂ, ವಾರ ಬಿಟ್ಟು ಇನ್ನೊಂದು ಸಲ.

ಮಾಮೂಲಿ 25 ದಿನಕ್ಕೆ ಆಗೋ ಸಸಿ ಚಳಿಯಲ್ಲಿ 28, 30 ದಿನ ತಗೊಳ್ಳಬಹುದು. ದಿನ ಎಣಿಸಬೇಡಿ, ಸಸಿ ಎಳೆದು ನೋಡಿ. ಬೇರು ಕೋಕೋಪೀಟನ್ನ ಉದುರದ ಹಾಗೆ ಹಿಡಿದಿದ್ದು, ನಾಲ್ಕೈದು ಎಲೆ ಇದ್ದರೆ ನಾಟಿಗೆ ರೆಡಿ. ಮೂರು ದಿನ ಮುಂಚೆ ನೀರು ಕಡಿಮೆ ಮಾಡಿ, ನೆರಳುಪರದೆ ಸರಿಸಿ ಬಿಸಿಲಿಗೆ ಒಗ್ಗಿಸಿ, ಕೀಟ ಪರದೆ ಹಾಗೇ ಇರಲಿ. ಸ್ವಲ್ಪ ಉದ್ದ ಹೋದ ಸಸಿಯನ್ನ ಎಸೀಬೇಕಿಲ್ಲ, ಮೊದಲ ಎಲೆಯ ಕೆಳಗಿನವರೆಗೂ ಮಣ್ಣಲ್ಲಿ ಇಳಿಸಿ ನೆಡಿ. ಟೊಮೆಟೊ ಕಾಂಡಕ್ಕೆ ಮಣ್ಣು ತಾಗಿದ ಕಡೆಯೆಲ್ಲ ಬೇರು ಬರುತ್ತೆ.