ಚಾಪೆಯ ಮೇಲೆ ಕೂತ ಹೆಡ್‌ಮಾಸ್ಟ್ರು

ಮೂರನೇ ತರಗತಿಯ ಹುಡುಗಿಯೊಬ್ಬಳು 52ರಲ್ಲಿ 17 ಕಳೆದು ಸ್ಲೇಟಿನ ಮೇಲೆ 45 ಎಂದು ಬರೆದಿದ್ದಳು. ಪಕ್ಕದವನದೂ 45. ಎರಡರಲ್ಲಿ ಏಳು ಹೋಗುವುದಿಲ್ಲ, ಅದಕ್ಕೆ ಇಬ್ಬರೂ ಏಳರಲ್ಲೇ ಎರಡನ್ನು ಕಳೆದುಬಿಟ್ಟಿದ್ದರು. ಬೋರ್ಡಿನ ಕಡೆ ತಿರುಗಿದ್ದ ಟೀಚರಿಗೆ ಅದು ಕಾಣಲಿಲ್ಲ. ಕಂಡದ್ದು, ಗೋಡೆಗೊರಗಿ ಮಕ್ಕಳ ಸಾಲಿನಲ್ಲೇ ಚಾಪೆಯ ಮೇಲೆ ಕೂತಿದ್ದ ಹೆಡ್‌ಮಾಸ್ಟರಿಗೆ. ಅವರು ಅಲ್ಲಿ ತುಟಿ ಬಿಚ್ಚಲಿಲ್ಲ. ಬಿಸಿಯೂಟ ಮುಗಿದ ಮೇಲೆ, “ಮೇಡಂ, ನಾಳೆ ಕಡ್ಡಿ ಕಟ್ಟು ಇಟ್ಕೊಂಡು ಮಾಡಿ ನೋಡೋಣ್ವಾ? ನಾನೂ ಬರ್ತೀನಿ” ಎಂದರು.

ಹಳೇ ಮೈಸೂರು ಕಡೆಯ ಈ ಸರ್ಕಾರಿ ಶಾಲೆಯಿಂದ ಮಕ್ಕಳು ಟಿಸಿ ತೆಗೆದುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಅದು ಚೇತರಿಸಿಕೊಂಡದ್ದು ಇಂಥ ಮಾತುಗಳಿಂದ ಎಂದು ನಾನು ನಂಬುತ್ತೇನೆ.

ಶಾಲೆ ಸೊರಗಿದರೆ ನಮಗೆ ಮೊದಲು ಹೊಳೆಯುವುದು ನೋಟಿಸು, ಇಲ್ಲವೇ ತರಬೇತಿ. ಮೇಲೆ ತಯಾರಾದ ತರಬೇತಿ ಜಿಲ್ಲೆಯ ಡಯಟ್‌ಗೆ ಬಂದು, ತಾಲ್ಲೂಕಿನ ಬಿಆರ್‌ಸಿಗೆ ಇಳಿದು, ಶಿಕ್ಷಕರ ಕೈಗೆ ಸಿಗುವ ಹೊತ್ತಿಗೆ ಬರೀ ಕೈಪಿಡಿಯಾಗಿರುತ್ತದೆ. ಆ 45 ಯಾಕೆ ಬಂತು ಎಂಬುದಕ್ಕೆ ಅದರಲ್ಲಿ ಉತ್ತರವಿರುವುದಿಲ್ಲ. ಅದನ್ನು ಪತ್ತೆಹಚ್ಚಬೇಕಾದ ಮುಖ್ಯ ಶಿಕ್ಷಕರೋ ಹಾಲು, ಮೊಟ್ಟೆ, ಅಕ್ಕಿಯ ಲೆಕ್ಕದಲ್ಲಿ, ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿಯಲ್ಲಿ ಮುಳುಗಿದ್ದಾರೆ. ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವವರು ಪ್ರಭಾರ ಎಚ್‌ಎಂ. ತಮ್ಮ ತರಗತಿಗಳನ್ನೂ ಅವರೇ ನೋಡಿಕೊಳ್ಳಬೇಕು. ತರಗತಿಗೆ ಹೋಗಿ ಶಿಕ್ಷಕರ ಜೊತೆ ನಿಲ್ಲಲೆಂದೇ ಇರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಅಂಕಿಅಂಶ ಒಟ್ಟುಮಾಡುವುದರಲ್ಲೇ ಸವೆದುಹೋಗುತ್ತಾರೆ. ಇದು ನೋವಿನ ಸಂಗತಿ. ಅವರಲ್ಲಿ ಅನೇಕರು ನಿಜಕ್ಕೂ ಒಳ್ಳೆಯ ಮೇಷ್ಟ್ರುಗಳು.

ಶಿಕ್ಷಕರು ಒಟ್ಟಿಗೆ ಕೂತು ಕಲಿಯುವ ದಾರಿ ಹೊಸದೇನಲ್ಲ, ನಮ್ಮಲ್ಲೇ ಇತ್ತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಒಂದೇ ಕೋಣೆಯಲ್ಲಿ ಹಲವು ತರಗತಿಗಳಿಗೆ ಕಲಿಸುವ ಬಹುವರ್ಗ ಬೋಧನೆ ಹೇಗೆ ನಡೆಯುತ್ತದೆಂದು ಕಣ್ಣಾರೆ ಕಂಡು ಬಂದರು. ಬಂದವರು ಒಟ್ಟಿಗೆ ಕೂತು ಪಾಠಗಳನ್ನು ಮೈಲಿಗಲ್ಲುಗಳಾಗಿ ಒಡೆದರು, ಕಾರ್ಡು ಬರೆದರು, ಕಲಿಕಾ ಏಣಿ ಕಟ್ಟಿದರು. ಚಟುವಟಿಕೆಗಳ ಮೂಲಕ ಕಲಿಸುವ ನಲಿ–ಕಲಿ ಹುಟ್ಟಿದ್ದು ಹಾಗೆ. ತಾವೇ ಬರೆದ ಕಾರ್ಡು ಮಗುವಿಗೆ ಅರ್ಥವಾಗದಿದ್ದರೆ ತಿದ್ದುವ ಅಧಿಕಾರವೂ ಆ ಶಿಕ್ಷಕರಿಗೇ ಇತ್ತು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದಾಗ ಏಣಿ, ಕಾರ್ಡುಗಳೆಲ್ಲ ಅಚ್ಚಾಗಿ ಬಂದವು. ಆದರೆ ಒಟ್ಟಿಗೆ ಕೂತು ತಲೆ ಕೆಡಿಸಿಕೊಂಡ ಆ ದಿನಗಳನ್ನು ಅಚ್ಚು ಹಾಕಿ ಹಂಚಲು ಬರುವುದಿಲ್ಲವಲ್ಲ. ಎಷ್ಟೋ ಕಡೆ ನಲಿ–ಕಲಿ ಸೊರಗಿದ್ದು ಇದರಿಂದಲೇ ಎನ್ನುವುದು ನನ್ನ ಅನಿಸಿಕೆ.

ಆ ಬೈಠಕ್ಕಿಗೆ ಈಗಲೂ ಜಾಗವಿದೆ. ಹತ್ತಿರದ ಶಾಲೆಗಳು ಸೇರಿದ ಕ್ಲಸ್ಟರಿನ ಸಮಾಲೋಚನಾ ಸಭೆಯನ್ನು ಸುತ್ತೋಲೆ ಓದುವುದರಲ್ಲೇ ಮುಗಿಸದೆ, ಮಕ್ಕಳ ಹತ್ತು ಸ್ಲೇಟುಗಳನ್ನು ನಡುವೆ ಇಟ್ಟುಕೊಂಡು ಕೂರಬಹುದು. ಲೆಕ್ಕಪತ್ರಕ್ಕೆ ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಟ್ಟರೆ ಎಚ್‌ಎಂಗಳಿಗೆ ವಾರಕ್ಕೆರಡು ಪಿರಿಯಡ್ಡಾದರೂ ಬಿಡುವು ಸಿಗುತ್ತದೆ. ಅತಿಥಿ ಶಿಕ್ಷಕರನ್ನೂ ಸಭೆಗೆ ಕರೆಯಲೇಬೇಕು. ಹೊಸಬರಾದ ಅವರಿಗೆ ಬೇರೆ ಯಾರು ಹೇಳಿಕೊಡುತ್ತಾರೆ?

ಮಾರನೆಯ ದಿನ ಆ ಹುಡುಗಿಯ ಮುಂದೆ ಹತ್ತತ್ತು ತೆಂಗಿನ ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಇದ್ದವು. ಏಳು ಕಡ್ಡಿ ಕೊಡು ಎಂದಾಗ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತಾನೇ ಬಿಚ್ಚಿದಳು.

ಅದೇ ಶುಕ್ರವಾರ ಹೆಡ್‌ಮಾಸ್ಟರ ವಿಜ್ಞಾನ ಪಾಠವಿತ್ತು, ಏಳನೇ ತರಗತಿಗೆ. ಕೊನೆಯ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದವರು ಆ ಮೇಡಂ.