ಜೊನ್ನಗಿರಿಯ ವಜ್ರ, ಜೊನ್ನಗಿರಿಯ ಚಿನ್ನ

ಆಂಧ್ರದ ಆದವಾನಿಯಿಂದ ಪತ್ತಿಕೊಂಡ ದಾಟಿ ಹೋದರೆ ತುಗ್ಗಲಿ, ಜೊನ್ನಗಿರಿ ಸಿಗುತ್ತವೆ. ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಊರೂರಿನ ಜನ ಇಲ್ಲಿನ ಹೊಲಗಳಲ್ಲಿ ಬಗ್ಗಿ ವಜ್ರ ಹುಡುಕುತ್ತಾರೆ. ಅದೇ ಜೊನ್ನಗಿರಿಯ ಬಂಡೆಗಳಲ್ಲಿ ಚಿನ್ನವೂ ಇದೆ!

ವಜ್ರ ಅಂದರೆ ಕಾರ್ಬನ್. ಪರಮಾಣುವಿಗೆ 6 ಎಲೆಕ್ಟ್ರಾನ್. ಒಳಕವಚದಲ್ಲಿ ಎರಡಕ್ಕೇ ಜಾಗ. ಉಳಿದ 4 ಹೊರಕವಚಕ್ಕೆ. ಅಲ್ಲಿ 8 ತುಂಬಬೇಕು. ಹಾಗಾಗಿ ಪ್ರತಿ ಕಾರ್ಬನ್ ಸುತ್ತಲಿನ ನಾಲ್ಕು ಕಾರ್ಬನ್‌ಗಳ ಜೊತೆ ಎಲೆಕ್ಟ್ರಾನ್ ಹಂಚಿಕೊಳ್ಳುತ್ತದೆ. ವಜ್ರದ ಗಡಸುತನ ಹುಟ್ಟುವುದು ಈ ಬಿಗಿ ಹಿಡಿತದಿಂದಲೇ.

ಚಿನ್ನದ ಕಥೆ ನನಗಂತೂ ಇನ್ನೂ ಇಷ್ಟ. 79 ಎಲೆಕ್ಟ್ರಾನ್, ಆರು ಕವಚ: 2, 8, 18, 32, 18, ಕೊನೆಗೆ ಒಂಟಿ 1. ಐದನೆಯ ಕವಚದಲ್ಲಿ ಇನ್ನೂ ಜಾಗವಿದೆ, ಗಮನಿಸಿ. ಆದರೂ ಆ ಒಂದು ಎಲೆಕ್ಟ್ರಾನ್ ಆರನೆಯದಕ್ಕೆ ಹೋಗುತ್ತದೆ, ಯಾಕಂದರೆ ಅಲ್ಲಿರಲು ಕಡಿಮೆ ಶಕ್ತಿ ಸಾಕು. ನ್ಯೂಕ್ಲಿಯಸ್‌ನ 79 ಪ್ರೋಟಾನ್‌ಗಳ ಸೆಳೆತ ಎಷ್ಟು ಜೋರು ಅಂದರೆ, ತೀರಾ ಒಳಗಿನ ಎಲೆಕ್ಟ್ರಾನ್‌ಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ಮೀರುತ್ತದೆ. ಆಗ ಐನ್‌ಸ್ಟೈನರ ಸಾಪೇಕ್ಷತೆ ಕೆಲಸಕ್ಕಿಳಿಯುತ್ತದೆ: ಆರನೆಯ ಕವಚ ಕುಗ್ಗುತ್ತದೆ, ಐದು–ಆರರ ನಡುವಿನ ಶಕ್ತಿಯ ಅಂತರ ಕಿರಿದಾಗುತ್ತದೆ, ನೀಲಿ ಬೆಳಕನ್ನು ಚಿನ್ನ ಅಲ್ಲೇ ಹೀರಿಕೊಳ್ಳುತ್ತದೆ. ಕಣ್ಣಿಗೆ ಮರಳುವುದು ಹಳದಿ ಹೊಳಪು. ಈ ಕುಗ್ಗುವಿಕೆ ಇಲ್ಲದಿದ್ದರೆ ಚಿನ್ನವೂ ಬೆಳ್ಳಿಯ ಬಣ್ಣದಲ್ಲೇ ಇರುತ್ತಿತ್ತು.