ಅಳಿಸಿಹೋಗೋ ಚಿತ್ರಕ್ಕೆ ದುಡ್ಡು ಕೊಡೋರು ಯಾರು?

ಮೊದಲು ಒಂದು ಪ್ರಶ್ನೆ. ನಿಮ್ಮ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಇತ್ತಾ? ನಮ್ಮಲ್ಲಿ ಇತ್ತು, ಟೈಮ್‌ಟೇಬಲ್‌ನಲ್ಲಿ ಮಾತ್ರ. ಪರೀಕ್ಷೆ ಹತ್ತಿರ ಬಂತು ಅಂದ್ರೆ ಗಣಿತದ ಮೇಷ್ಟ್ರು ಬಂದು ಪೋರ್ಷನ್ ಮುಗಿಸೋರು. ನಾವು ಬಣ್ಣದ ಡಬ್ಬಿ ಬ್ಯಾಗಿಗೆ ವಾಪಸ್ ಹಾಕ್ತಿದ್ವಿ.

ಸಮಯ ಸಾಲದಿದ್ದರೂ ದುಡ್ಡು ಸಾಲದಿದ್ದರೂ ಮೊದಲು ಹೋಗೋದು ಚಿತ್ರಕಲೆಯೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲೂ ಹೀಗೇ ಆಯ್ತು. 1978ರಲ್ಲಿ ಅಲ್ಲಿನ ಮತದಾರರು ‘ಪ್ರಾಪೊಸಿಷನ್ 13’ ಅನ್ನೋ ಪ್ರಸ್ತಾವವನ್ನ ಗೆಲ್ಲಿಸಿದರು. ಆಸ್ತಿ ತೆರಿಗೆಗೆ ಶೇ 1ರ ಮಿತಿ ಬಿತ್ತು. ಶಾಲೆಗಳ ಆದಾಯದಲ್ಲಿ ದೊಡ್ಡ ಪಾಲು ಬರ್ತಿದ್ದದ್ದೇ ಆ ತೆರಿಗೆಯಿಂದ. ಎಷ್ಟೋ ಶಾಲೆಗಳಲ್ಲಿ ಸಂಗೀತ, ಚಿತ್ರಕಲೆ ಪಾಠಗಳಿಗೆ ಕತ್ತರಿ ಬಿತ್ತು.

ಅದೇ ರಾಜ್ಯದ ಸಾಂತಾ ಬಾರ್ಬರಾ ಊರಿನಲ್ಲಿ ಕ್ಯಾಥಿ ಕೌರಿ ಅನ್ನೋರು 1987ರಲ್ಲಿ ಒಂದು ಉತ್ಸವ ಶುರು ಮಾಡಿದರು. ಹೆಸರು ‘ಇ ಮಡೊನ್ನಾರಿ’. ಹೆಸರೂ ಇಟಲಿಯದ್ದು, ಕಲ್ಪನೆಯೂ ಇಟಲಿಯದ್ದು. ಅಲ್ಲಿ ಊರೂರು ತಿರುಗಿ, ನೆಲದ ಮೇಲೆ ಮಡೊನ್ನಾ, ಅಂದರೆ ಯೇಸುವಿನ ತಾಯಿ ಮೇರಿಯ ಚಿತ್ರ ಬರೆದು, ಜನ ಹಾಕೋ ಚಿಲ್ಲರೆಯಲ್ಲಿ ಬದುಕ್ತಿದ್ದ ಕಲಾವಿದರಿಗೆ ಮಡೊನ್ನಾರಿ ಅಂತಿದ್ದರು.

ಸಾಂತಾ ಬಾರ್ಬರಾದಲ್ಲಿ ಈ ಉತ್ಸವ ನಡೆಯೋದು ಮೇ ತಿಂಗಳ ಕೊನೆಯ ಸೋಮವಾರ ಮುಗಿಯೋ ಮೂರು ದಿನ, ಹಳೆಯ ಮಿಷನ್ ಚರ್ಚಿನ ಮುಂದಿನ ಅಂಗಳದಲ್ಲಿ. ಡಾಂಬರು ನೆಲವನ್ನ ಚೌಕಗಳಾಗಿ ಗುರುತು ಮಾಡ್ತಾರೆ. ಕಲಾವಿದರು ಮಂಡಿಯೂರಿ, ಬಣ್ಣದ ಚಾಕ್‌ಪೀಸನ್ನ ಬೆರಳಲ್ಲಿ ತಿಕ್ಕಿ ತಿಕ್ಕಿ ಬಣ್ಣ ತುಂಬ್ತಾರೆ. ಮಕ್ಕಳಿಗೂ ಪುಟ್ಟ ಪುಟ್ಟ ಚೌಕಗಳಿರುತ್ತವೆ.

ಈಗ ಅಸಲಿ ವಿಷಯ. ನಮ್ಮ ಬೆಂಗಳೂರಿನ ಚಿತ್ರಸಂತೆಯಲ್ಲಿ ಕೊಂಡ ಚಿತ್ರವನ್ನ ಮನೆಗೆ ಒಯ್ಯಬಹುದು. ಇಲ್ಲಿ ಒಯ್ಯೋಕೆ ಏನೂ ಇಲ್ಲ. ಹಾಗಾದ್ರೆ ದುಡ್ಡು ಬರೋದು ಎಲ್ಲಿಂದ? ಇಲ್ಲಿ ಮಾರೋದು ಚಿತ್ರ ಅಲ್ಲ, ಖಾಲಿ ಚೌಕ. ಒಂದು ಅಂಗಡಿಯೋ ಕುಟುಂಬವೋ ಕಂಪನಿಯೋ ಮೊದಲೇ ಆ ಚೌಕಕ್ಕೆ ದುಡ್ಡು ಕಟ್ಟುತ್ತೆ. ಕಟ್ಟಿದವರ ಹೆಸರು ಚೌಕದ ಮೇಲ್ಗಡೆ ಬರುತ್ತೆ, ಕೆಳಗೆ ಕಲಾವಿದರ ಕೆಲಸ. ಆ ಹಣ ‘ಚಿಲ್ಡ್ರನ್ಸ್ ಕ್ರಿಯೇಟಿವ್ ಪ್ರಾಜೆಕ್ಟ್’ ಅನ್ನೋ ಸಂಸ್ಥೆಗೆ ಹೋಗುತ್ತೆ. ಸರ್ಕಾರಿ ಶಾಲೆಗಳಿಗೆ ಕಲಾವಿದರನ್ನ ಕಳಿಸಿ ಪಾಠ ಮಾಡಿಸೋದು ಅದರ ಕೆಲಸ. ಆಮೇಲೆ ಮಳೆ ಬಂದು ಚಿತ್ರ ಕೊಚ್ಚಿಹೋದರೂ, ಕಟ್ಟಿದ ದುಡ್ಡು ಮಕ್ಕಳ ಪಾಲಿಗೆ ಉಳಿಯುತ್ತೆ.

ಚಿತ್ರ ಅಳಿಸಿಹೋಯ್ತು ಅಂತ ಕೊರಗಬೇಕಾ? ನಮ್ಮಜ್ಜಿಯನ್ನ ಕೇಳಿದ್ರೆ ನಗ್ತಿದ್ರು. ಬೆಳಿಗ್ಗೆ ಹಾಕಿದ ರಂಗೋಲಿ ಮಧ್ಯಾಹ್ನದೊಳಗೆ ಕಾಲಡಿ ಹೋಗ್ತಿತ್ತು, ಮರುದಿನ ಮತ್ತೆ ಹಾಕ್ತಿದ್ರು.

ನನ್ನನ್ನ ಕಾಡೋ ಪ್ರಶ್ನೆ ಬೇರೆ. ಸರ್ಕಾರಿ ಶಾಲೆಯ ಮಗು ಬಣ್ಣ ಹಿಡಿಯೋಕೆ ಯಾರೋ ದಾನ ಕೊಡೋವರೆಗೂ ಕಾಯಬೇಕಾ? 2022ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಇದಕ್ಕೆ ಉತ್ತರ ಕೊಟ್ಟರು. ‘ಪ್ರಾಪೊಸಿಷನ್ 28’ ಗೆದ್ದು, ಶಾಲೆಗಳ ಕಲೆ ಮತ್ತು ಸಂಗೀತ ಪಾಠಕ್ಕೆ ಪ್ರತಿ ವರ್ಷ ಪ್ರತ್ಯೇಕ ಹಣ ಕೊಡಬೇಕು ಅಂತ ಕಾನೂನಾಯ್ತು. ಕತ್ತರಿ ಬಿದ್ದು ಆಗಲೇ 44 ವರ್ಷ ಕಳೆದಿತ್ತು. ಅಷ್ಟು ವರ್ಷ ಕಾನೂನಿಗೆ ಕಾಯ್ತಾ ಕೂತಿದ್ದರೆ ಒಂದು ತಲೆಮಾರು ಬಣ್ಣ ಮುಟ್ಟದೆ ದೊಡ್ಡದಾಗ್ತಿತ್ತು. ಸಾಂತಾ ಬಾರ್ಬರಾದವರು ಕಾಯಲಿಲ್ಲ, ಚಾಕ್‌ಪೀಸ್ ಹಿಡಿದು ನೆಲದ ಮೇಲೆ ಕೂತರು.

ನಿಮ್ಮ ಡ್ರಾಯಿಂಗ್ ಪೀರಿಯಡ್ ಏನಾಯ್ತು? ನಮಗೆ ಬರೆದು ತಿಳಿಸಿ. ಮತ್ತೆ ಸಿಗೋಣ.